ಎಂಜಿನ್‌ಗೆ ಒಂದು ಡ್ರಮ್ ಸಿಹಿನೀರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ನಾಡದೋಣಿಯ ಅಣ್ಣತಮ್ಮಂದಿರಿಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ದುಡಿಯುವುದು ದೋಣಿಯ ಹೊರಗೆ ಸಿಕ್ಕಿಸುವ ನಿಮ್ಮ ಔಟ್‌ಬೋರ್ಡ್ ಎಂಜಿನ್. ಅದು ಹಳೆಯದಾ? ಹಾಗಾದರೆ ದಡಕ್ಕೆ ಬಂದ ಕೂಡಲೇ ಸಿಹಿನೀರು ಕುಡಿಸಿ. ನಾನು ಹೇಳಬೇಕಾದ್ದು ಇಷ್ಟೇ.

ಈ ಎಂಜಿನ್ ತಂಪಾಗುವುದು ಕಡಲ ನೀರಿನಿಂದಲೇ. ಕೆಳಗಿರುವ ರಬ್ಬರ್ ಇಂಪೆಲ್ಲರ್, ಅಂದರೆ ಪಂಪಿನ ರೆಕ್ಕೆಚಕ್ರ, ನೀರನ್ನು ಮೇಲೆತ್ತುತ್ತದೆ. ಹಿಂದುಗಡೆ ಪಿಚಕಾರಿ ಹಾಗೆ ನೀರು ಚಿಮ್ಮುತ್ತದಲ್ವಾ, ಪಂಪು ಕೆಲಸ ಮಾಡುತ್ತಿದೆ ಎನ್ನಲು ಅದೇ ಗುರುತು. ಎಂಜಿನ್ ನಿಂತ ಮೇಲೆ ಒಳಗೆ ಉಳಿದ ನೀರು ಒಣಗುತ್ತದೆ. ಉಪ್ಪು ಅಲ್ಲೇ ಕೂರುತ್ತದೆ.

ಒಮ್ಮೆ ಗಂಗೊಳ್ಳಿಯಲ್ಲಿ ಒಬ್ಬರು ನನ್ನನ್ನು ಕರೆಸಿದ್ದರು. ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ, ದಾಟುವಷ್ಟರಲ್ಲಿ ಎಂಜಿನ್ ಕಾದು ನಿಲ್ಲುತ್ತಿತ್ತು. ಮೂರು ಸಲ ಪ್ಲಗ್ ಬದಲಿಸಿದ್ದರು. ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿಸಿದ್ದರು. "ಮುದಿ ಎಂಜಿನ್ ಮಾರಾಯ್ರೆ, ಗುಜರಿಗೇ ಹಾಕೂದು" ಅಂದರು. ತಡೀರಿ ಅಂದೆ. ನೀರಿನ ಡ್ರಮ್ಮಿಗೆ ಇಳಿಸಿ ಸ್ಟಾರ್ಟ್ ಮಾಡಿದರೆ ಪಿಚಕಾರಿಯೇ ಇಲ್ಲ, ಬರೀ ಹನಿ. ನೀರು ಚಿಮ್ಮುವ ತೂತಿಗೆ ಸಣ್ಣ ತಂತಿ ಹಾಕಿ ತಿರುಗಿಸಿದೆ. ಉಪ್ಪಿನ ಹರಳು ಉದುರಿತು, ನೀರು ಬರಲಿಲ್ಲ. ಕೆಳಭಾಗ ಬಿಚ್ಚಿದೆ. ಇಂಪೆಲ್ಲರಿನ ಎರಡು ರೆಕ್ಕೆ ಮಾಯ! ಆ ಚೂರು ಹುಡುಕದೆ ಹೊಸ ಇಂಪೆಲ್ಲರ್ ಹಾಕಿದರೆ ಸುಮ್ನೆ ದುಡ್ಡು ದಂಡ. ಕೊನೆಗೆ ನೀರಿನ ದಾರಿಯಲ್ಲಿ ಸಿಕ್ಕವು, ಬೆರಳುಗುರಿನಷ್ಟು ಎರಡು ಕಪ್ಪು ತುಂಡು. ಸುತ್ತ ಉಪ್ಪು ಸುಣ್ಣದ ಹಾಗೆ ಗಟ್ಟಿಯಾಗಿತ್ತು. "ಸಿಹಿನೀರಲ್ಲಿ ಓಡಿಸ್ತೀರಾ?" ಕೇಳಿದೆ. "ಪುರುಸೊತ್ತೆಲ್ಲಿ?" ಅಂದರು. ನನಗೆ ನಿಜಕ್ಕೂ ಬೇಸರವಾಯಿತು. ಹತ್ತು ನಿಮಿಷದ ಕೆಲಸ ಅದು! ಹೊಸ ಇಂಪೆಲ್ಲರ್ ಹಾಕಿ, ಉಪ್ಪು ಕೆರೆದು ತೆಗೆದೆವು. ಮರುದಿನವೇ ಆ ಎಂಜಿನ್ ಅಳಿವೆ ದಾಟಿತು.

ಆದ್ದರಿಂದ ಡ್ರಮ್ ತುಂಬ ಬಾವಿ ನೀರು ಹಾಕಿ. ನೀರೆಳೆಯುವ ಜಾಲರಿ ಪೂರ್ತಿ ಮುಳುಗಬೇಕು. ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಹತ್ತು ನಿಮಿಷ ಓಡಿಸಿ. ಕಡಲಿಗೆ ಹೋದ ಪ್ರತಿ ದಿನವೂ ಇದನ್ನು ಮಾಡಿ, ನಾಳೆ ಮಾಡೋಣ ಅನ್ನಬೇಡಿ. ನೀರಿಲ್ಲದೆ ಮಾತ್ರ ಸ್ಟಾರ್ಟ್ ಮಾಡಲೇಬೇಡಿ, ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಸಮಯ ಜಾಸ್ತಿ ಇಲ್ಲ, ಬೇಗ ಎರಡು ಮಾತು. ಗೇರ್ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಬದಲಿಸಿ. ಸೀಮೆಎಣ್ಣೆಯಲ್ಲಿ ಓಡಿಸುವವರು ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿದರೆ ಬೆಳಿಗ್ಗೆ ಹಗ್ಗ ಎಳೆದು ಎಳೆದು ತೋಳು ಸೋಲುವುದಿಲ್ಲ. ಇದನ್ನೂ ಆ ಡ್ರಮ್ಮಿನಲ್ಲೇ ಮಾಡಿ, ಕೊನೆಯ ಎರಡು ನಿಮಿಷ. ನಮಸ್ಕಾರ.