ಫಾರ್ಮ್ಯಾಟ್ ಹೊಡೆಯುವ ಮೊದಲು ತಾರೀಖು ನೋಡಿ

"ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಹೊಸದರ ಥರ ಆಗುತ್ತೆ." ಕಂಪ್ಯೂಟರ್ ಕೆಟ್ಟಾಗ ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಅಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಪ್ರಿಂಟ್ ಬರುತ್ತಿಲ್ಲ, ಫಾರ್ಮ್ಯಾಟ್. ಸ್ಲೋ ಆಗಿದೆ, ಫಾರ್ಮ್ಯಾಟ್. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಕಥೆ ಇದು. ಮೂಗು ಹೋದ ಮೇಲೂ ನೆಗಡಿ ಹಾಗೇ ಇರುತ್ತೆ, ಅದು ಬೇರೆ ವಿಷಯ.

ದಾವಣಗೆರೆಯಲ್ಲಿ ನನ್ನ ಸೋದರಮಾವ ಇದ್ದಾರೆ. ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ಅವರ ಕೆಲಸ. ಒಂದು ತಿಂಗಳು 18ನೇ ತಾರೀಖು ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಒಂದು ಸೈಟೂ ಓಪನ್ ಆಗುತ್ತಿಲ್ಲ, ಎಲ್ಲದರಲ್ಲೂ ಕೆಂಪು ಎಚ್ಚರಿಕೆ. 20ಕ್ಕೆ ತ್ರೀ-ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಲು ಕೊನೆ ದಿನ. ಮಾವ ಗಾಬರಿಯಲ್ಲಿ ಸಿಪಿಯು ಎತ್ತಿಕೊಂಡು ಅಂಗಡಿಗೆ ಓಡಿದರು. ಸಂಜೆಗೆ ಫಾರ್ಮ್ಯಾಟ್ ಆಯಿತು, ಅಂಗಡಿಯಲ್ಲೇ ಸೈಟು ಓಪನ್ ಆಯಿತು, 600 ರೂಪಾಯಿ ಕೊಟ್ಟು ಮನೆಗೆ ತಂದರು. ರಾತ್ರಿ ನಿಶ್ಚಿಂತೆಯಿಂದ ಮಲಗಿದರು. ಬೆಳಗ್ಗೆ ಎದ್ದು ಹಾಕಿ ನೋಡಿದರೆ ಮತ್ತೆ ಅದೇ ಕೆಂಪು.

ಆಗ ನನಗೆ ಫೋನ್ ಬಂತು. "ಮಾವ, ಕೆಳಗೆ ಬಲಗಡೆ ತಾರೀಖು ಎಷ್ಟಿದೆ ನೋಡಿ" ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಲೋ, 2018 ಅಂತ ತೋರಿಸ್ತಿದೆ ಕಣೋ!"

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರ ಓಡುವುದು ಅದರಿಂದ. ಅದು ಸತ್ತರೆ, ಪ್ಲಗ್ ತೆಗೆದ ಅಥವಾ ಸ್ವಿಚ್‌ಬೋರ್ಡಿನಲ್ಲೇ ಆಫ್ ಮಾಡಿದ ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತೆ. ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ವಿಂಡೋಸ್ ಎಷ್ಟೋ ಸಲ ತಾನಾಗಿ ಸರಿಮಾಡಿಕೊಳ್ಳುವುದಿಲ್ಲ. ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟ್ ಪ್ರತಿ ಸೈಟಿಗೂ ಇರುತ್ತೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. 2018ರಲ್ಲಿ ಕೂತಿರುವ ಕಂಪ್ಯೂಟರಿಗೆ ಈ ವರ್ಷದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬ್ರೌಸರ್ ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡುವಾಗ ತಾರೀಖು ಸರಿಮಾಡಿದ್ದಾರೆ, ಅದಕ್ಕೇ ಸರಿಹೋಯಿತು. ಆದರೆ ಹೆಸರು ಮಾತ್ರ ಫಾರ್ಮ್ಯಾಟಿಗೆ ಬಂತು.

ಬ್ಯಾಟರಿಗೆ 40 ರೂಪಾಯಿ. ಹೋದದ್ದು ಎಷ್ಟು ಗೊತ್ತಾ?

ಅಂಗಡಿಯ ಹುಡುಗ ಪಾಪ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡಿಟ್ಟುಕೊಂಡಿದ್ದ. ಆದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್ ತನ್ನ ಡೇಟಾವನ್ನು, ನಾವು ಬದಲಾಯಿಸದಿದ್ದರೆ, ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ ಇಡುತ್ತೆ. ಅಲ್ಲಿ ಯಾರು ನೋಡುತ್ತಾರೆ? ಹಿಂದಿನ ತಿಂಗಳ ಬ್ಯಾಕಪ್ ಪೆನ್ ಡ್ರೈವಿನಲ್ಲಿತ್ತು, ಅಷ್ಟೇ ಪುಣ್ಯ. ಆಮೇಲಿನ ಎಂಟ್ರಿಗಳನ್ನೆಲ್ಲ ಮಾವ, ಅತ್ತೆ ಇಬ್ಬರೂ ಕೂತು ಬಿಲ್ಲು ನೋಡಿಕೊಂಡು ಮತ್ತೆ ಹೊಡೆದರು. ಡಿಜಿಟಲ್ ಸಹಿಯ ಟೋಕನ್ನಿಗೆ ಡ್ರೈವರ್ ಮತ್ತೆ ಹಾಕಬೇಕಾಯಿತು. ಕೊನೆಗೆ ಹಳೇ ಪತ್ರಗಳನ್ನು ತೆಗೆದರೆ ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲು ಹಾಳಾಗಿರಲಿಲ್ಲ. ಅವು ಯೂನಿಕೋಡ್ ಅಲ್ಲದ, ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುವ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು, ಫಾರ್ಮ್ಯಾಟಿನ ಜೊತೆ ಫಾಂಟೂ ಹೋಗಿತ್ತು. ಆದರೆ ಮಾವನಿಗೆ ಆ ಹತ್ತು ನಿಮಿಷ ಎದೆ ಡವಡವ.

ಹಾಗಂತ ಅಂಗಡಿಯವರನ್ನು ಬೈಯುವುದು ಸುಲಭ. ಫಾರ್ಮ್ಯಾಟ್ ಮಾಡಿದರೆ 600 ರೂಪಾಯಿ, ಯಾರೂ ತಕರಾರು ಮಾಡುವುದಿಲ್ಲ. ಅದೇ ಹುಡುಗ ಎರಡು ಗಂಟೆ ಕೂತು ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ಓದಿ, ರ್‍ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿ, ಕೊನೆಗೆ ಬ್ಯಾಟರಿ ಬದಲಿಸಿ 600 ಕೇಳಿದರೆ? "ಏನಪ್ಪಾ, ಬ್ಯಾಟರಿ ಹಾಕಿದ್ದಕ್ಕೆ ಅಷ್ಟೊಂದಾ?" ಅಂತೀವಿ. ನಾನೂ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ರೋಗ ಹುಡುಕಿದ್ದಕ್ಕೆ ನಾವು ದುಡ್ಡು ಕೊಡುವುದಿಲ್ಲ, ಅದಕ್ಕೇ ಯಾರೂ ಹುಡುಕುವುದಿಲ್ಲ.

2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ತಪ್ಪು ಅಪ್‌ಡೇಟಿಗೆ, ಮೈಕ್ರೋಸಾಫ್ಟ್ ಲೆಕ್ಕದಲ್ಲಿ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ನೋಡಿದವರಿಗೆ ಎಲ್ಲವೂ ಮುಗಿದೇ ಹೋಯಿತು ಅನ್ನಿಸಬೇಕು. ಮದ್ದು ಏನಿತ್ತು? ಸೇಫ್ ಮೋಡಿಗೆ ಹೋಗಿ, ಒಂದು ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡುವುದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿ ಅದರ ರಿಕವರಿ ಕೀ ಎಲ್ಲಿದೆ ಅಂತ ಮರೆತವರಿಗೆ ಮಾತ್ರ ನಿಜವಾದ ಪಜೀತಿ. ಅಂದ ಹಾಗೆ, ಹೊಸ ಲ್ಯಾಪ್‌ಟಾಪ್ ಇದ್ದರೆ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಲಾಕ್ ಆಗಿರಬಹುದು. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಈಗಲೇ ಬರೆದಿಟ್ಟುಕೊಳ್ಳಿ.

ನಾನು ಫಾರ್ಮ್ಯಾಟ್ ವಿರೋಧಿಯೇನಲ್ಲ. ವೈರಸ್ ಹೊಕ್ಕಿದೆ ಅಂತ ಖಾತ್ರಿಯಾದರೆ, ಅದರಲ್ಲೂ ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರ್ ಆದರೆ, ಒಂದು ಕ್ಷಣವೂ ಯೋಚಿಸದೆ ಅಳಿಸುತ್ತೇನೆ. ಒಂದನ್ನು ತೆಗೆದರೆ ಇನ್ನೊಂದು ಎಲ್ಲಿ ಅಡಗಿದೆಯೋ ಯಾರಿಗೆ ಗೊತ್ತು. ಹಟಕ್ಕೆ ಬಿದ್ದು ಕೆಟ್ಟದ್ದೂ ಉಂಟು. ಒಂದು ಅಪ್‌ಡೇಟ್ ಎರರ್ ಹಿಂದೆ ಮೂರು ದಿನ ಕೂತೆ, ವಿಂಡೋಸ್ ರಿಪೇರಿ ಮಾಡುವ ಎಸ್‌ಎಫ್‌ಸಿ ಆಯಿತು, ಡಿಸ್ಮ್ ಆಯಿತು, ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ಇನ್ನಷ್ಟು ಕೆಡಿಸಿದ್ದೂ ಆಯಿತು, ಕೊನೆಗೆ ಫಾರ್ಮ್ಯಾಟ್ ಮಾಡಿ ಒಂದೂವರೆ ಗಂಟೆಯಲ್ಲಿ ಮುಗಿಸಿದೆ. ಮನೆಯಲ್ಲಿ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ. ಈಗ ನನ್ನ ಲೆಕ್ಕ ಒಂದು ಸಂಜೆ, ಅಷ್ಟೇ. ಆ ಸಂಜೆ ತಾರೀಖು ನೋಡುತ್ತೇನೆ, ಡಿಸ್ಕಿನ ಆರೋಗ್ಯ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡುತ್ತೇನೆ, ಯಾಕೆಂದರೆ ಸಾಯುತ್ತಿರುವ ಹಾರ್ಡ್ ಡಿಸ್ಕಿಗೆ ಮತ್ತೆ ವಿಂಡೋಸ್ ಹಾಕುವುದು ಸುಮ್ನೆ ದಂಡ. ರಿಲಯಬಿಲಿಟಿ ಮಾನಿಟರ್ ಅಂತ ಒಂದು ಪುಟ ವಿಂಡೋಸ್ ಒಳಗೇ ಇದೆ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಯಾವ ದಿನದಿಂದ ಕೆಟ್ಟಿತು, ಎರಡೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಪೊಲೀಸ್ ಡೈರಿ ಇದ್ದ ಹಾಗೆ, ಯಾರೂ ತೆಗೆದೇ ನೋಡುವುದಿಲ್ಲ.

ಮಾವ ಆಮೇಲೆ ಟ್ಯಾಲಿ ಡೇಟಾವನ್ನು ಡಿ ಡ್ರೈವಿಗೆ ಹಾಕಿಸಿಕೊಂಡರು. ವಾರಕ್ಕೊಮ್ಮೆ ಪೆನ್ ಡ್ರೈವಿಗೂ ಹಾಕುತ್ತಾರೆ. ಡಿ ಡ್ರೈವ್ ಇರುವುದೂ ಅದೇ ಒಂದು ಹಾರ್ಡ್ ಡಿಸ್ಕಿನಲ್ಲಿ ಅಂತ ಇನ್ನೂ ಹೇಳಿಲ್ಲ, ಮೊನ್ನೆ ತಾನೇ ಸಮಾಧಾನ ಆಗಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. ಕಂಪ್ಯೂಟರ್ ಯಾಕೋ ಕಟಕಟ ಅಂತ ಸದ್ದು ಮಾಡುತ್ತಿದೆಯಂತೆ, "ಫಾರ್ಮ್ಯಾಟ್ ಮಾಡಿಸಲೇನೋ?" ಅಂದರು.