ಉಳಿಗೂ ಒಂದು ಉಯಿಲು

ಎಲ್ಲರಿಗೂ ನಮಸ್ಕಾರ.

ಹಿರಿಯ ಬಡಗಿಗಳೂ ಶಿಲ್ಪಿಗಳೂ ಕುಳಿತಿರುವ ಸಭೆಯಲ್ಲಿ ಸಾವಿನ ವಿಚಾರ ಎತ್ತಬೇಡಿ ಎಂದು ನನ್ನ ಹೆಂಡತಿ ಹೊರಡುವಾಗಲೇ ಎಚ್ಚರಿಸಿದ್ದಳು. ಎತ್ತುತ್ತಿದ್ದೇನೆ, ಕ್ಷಮಿಸಿ. ಆಯುಧಪೂಜೆ ಮುಗಿದು ಇನ್ನೂ ವಾರವಾಗಿಲ್ಲ. ನಿಮ್ಮ ಪೆಟ್ಟಿಗೆಗಳ ಮೇಲಿನ ಕುಂಕುಮ ಹಾಗೆಯೇ ಇರಬೇಕು. ವರ್ಷಕ್ಕೊಂದು ದಿನ ಉಳಿ, ಬಾಚಿ, ಗರಗಸ, ಕೊಡತಿಗಳನ್ನು ಒರೆಸಿ ಸಾಲಾಗಿ ಇಟ್ಟು ಕೈಮುಗಿಯುತ್ತೇವೆ. ಈ ಬಾರಿ ಆ ಸಾಲಿನ ಮುಂದೆ ಕುಳಿತಾಗ ನನಗೆ ಮಂತ್ರದ ಮೇಲೆ ಗಮನ ನಿಲ್ಲಲಿಲ್ಲ. ನಾನಿಲ್ಲದ ಮೊದಲ ನವಮಿಗೆ ಇವನ್ನು ಯಾರು ಹೀಗೆ ಇಡುತ್ತಾರೆ? ಇಟ್ಟರೂ, ವಿಜಯದಶಮಿಯ ಮರುದಿನ ಯಾರು ಕೈಗೆತ್ತಿಕೊಳ್ಳುತ್ತಾರೆ?

ನನ್ನ ತಂದೆ ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಬಡಗಿಯಾಗಿದ್ದರು. ಬಾಗಿಲವಾಡ, ದೇವರ ಮಂಟಪ, ತೊಟ್ಟಿಲು, ಹಳೆಯ ಮನೆಯ ಕಂಬದ ದುರಸ್ತಿ, ಏನು ಬಂದರೂ ಬೇಡವೆನ್ನುತ್ತಿರಲಿಲ್ಲ. ಅವರು ತೀರಿಕೊಂಡದ್ದು ಮಳೆ ಹಿಡಿದ ಹೊಸತರಲ್ಲಿ. ಅಮ್ಮ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿ, ವರ್ಷಾಂತಿಕ ಮುಗಿಯುವ ತನಕ ಯಾರೂ ಮುಟ್ಟಕೂಡದು ಎಂದರು. ಪ್ರೀತಿಯಿಂದ ಹೇಳಿದ ಮಾತು, ನಾವೂ ತಲೆಯಾಡಿಸಿದೆವು. ಎಣ್ಣೆ ಕಾಣದ ಕಬ್ಬಿಣಕ್ಕೆ ಮಲೆನಾಡಿನ ಒಂದು ಮಳೆಗಾಲ ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮರುವರ್ಷ ಪೆಟ್ಟಿಗೆ ತೆಗೆದಾಗ ಹತ್ತರಿಯ ಅಲಗು ಮರಕ್ಕೆ ಕಚ್ಚಿಕೊಂಡಿತ್ತು. ಗರಗಸದ ಹಲ್ಲುಗಳನ್ನು ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತಿತ್ತು. ಬೈರಿಗೆಯ ಹಗ್ಗವನ್ನು ಇಲಿ ತಿಂದಿತ್ತು.

ಆಮೇಲೆ ಪಾಲು. ನಾವು ಮೂವರು ಅಣ್ಣತಮ್ಮಂದಿರು. ಕಸುಬು ಹಿಡಿದವನು ನಾನೊಬ್ಬನೇ. ಗದ್ದೆ ಹಂಚಿದಂತೆಯೇ ಪೆಟ್ಟಿಗೆಯನ್ನೂ ಹಂಚಿದರು. ಅದರಲ್ಲಿ ಕೆತ್ತನೆಯ 12 ಉಳಿಗಳಿದ್ದವು. ಚಪ್ಪಟೆ ಬಾಯಿಯಿಂದ ಹಿಡಿದು ಚಮಚದಂತೆ ಆಳವಾದ ಬಾಯಿಯವರೆಗೆ ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು ಬಾಗಿದ, ಒಬ್ಬನೇ ಕಮ್ಮಾರ ಬಡಿದುಕೊಟ್ಟ ಸರಣಿ. ತಲೆಗೆ ನಾಲ್ಕರಂತೆ ಹಂಚಿದರು. ನ್ಯಾಯವಾದ ಹಂಚಿಕೆ, ಯಾರೂ ಜಗಳವಾಡಲಿಲ್ಲ. ಹಿರಿಯಣ್ಣ ತನ್ನ ಪಾಲಿನ ಒಂದು ಉಳಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವುದನ್ನು ನಾನೇ ಕಂಡಿದ್ದೇನೆ. ಇನ್ನೊಬ್ಬನ ಪಾಲು ಮನೆ ಬದಲಿಸುವಾಗ ಗೋಣಿಚೀಲದಲ್ಲಿ ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದವರೂ ಕೆಟ್ಟವರಾಗಿರಲಿಲ್ಲ.

ನನ್ನ ಪಾಲಿಗೆ ಬಂದ ನಾಲ್ಕರಲ್ಲಿ ಒಂದಕ್ಕೆ ಬಾಯಿಯ ಒಂದು ಮೂಲೆ ಸವೆದಿತ್ತು. ಅಪ್ಪನಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಗಿತ್ತು, ಸಾಣೆ ಹಿಡಿಯುವಾಗ ಕೈ ತಪ್ಪಿರಬೇಕು ಎಂದುಕೊಂಡು ಎರಡು ಸಂಜೆ ಕುಳಿತು ನೇರ ಮಾಡಿದೆ. ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಬಾಗಿಲವಾಡದಲ್ಲಿ ಕಮಲದ ಎಸಳು ಮಡಿಚುವ ಸಂದಿಗೆ ನನ್ನ ಯಾವ ಉಳಿಯೂ ಇಳಿಯಲಿಲ್ಲ. ಆ ಮೂಲೆ ಸವೆದಿರಲಿಲ್ಲ, ಅಪ್ಪ ಬೇಕೆಂದೇ ತೆಗೆದಿದ್ದರು ಎಂಬುದು ನನಗೆ ಹೊಳೆದದ್ದು ಅಲ್ಲಿ, ಉಳಿ ಹಿಡಿದು ಸುಮ್ಮನೆ ನಿಂತಾಗ. ಅಣ್ಣ ಬಣ್ಣದ ಡಬ್ಬಿ ತೆಗೆದದ್ದಕ್ಕೆ ನಕ್ಕವನು ನಾನು. ಕಸುಬು ಬಲ್ಲ ನಾನು ಮಾಡಿದ ಹಾನಿ ಅದಕ್ಕಿಂತ ಕಡಿಮೆಯದೇನಲ್ಲ. ಉಪಕರಣ ನನ್ನ ಕೈಗೆ ಬಂದಿತ್ತು, ಅದರ ಮಾತು ಬಂದಿರಲಿಲ್ಲ.

ಬೇರೆ ದೇಶದ ಒಂದು ಪೆಟ್ಟಿಗೆಯ ಕಥೆ ಕೇಳಿ. ಇಟಲಿಯ ಕ್ರೆಮೋನಾದಲ್ಲಿ ಪಿಟೀಲು ಮಾಡುತ್ತಿದ್ದ ಆಂಟೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ. ಅವನ ಅಚ್ಚುಗಳು, ಕಾಗದದ ನಕ್ಷೆಗಳು, ಉಪಕರಣಗಳು ಕೊನೆಗೆ ಪಾವೊಲೊ ಎಂಬ ಮಗನ ವಶಕ್ಕೆ ಬಂದವು. ಆ ಮಗ ಬಟ್ಟೆ ವ್ಯಾಪಾರಿ. 1770ರ ದಶಕದಲ್ಲಿ ಅವು ಆ ಮನೆತನದಿಂದ ಕೌಂಟ್ ಕೋಜಿಯೊ ಎಂಬ ಸಂಗ್ರಾಹಕನಿಗೆ ಮಾರಾಟವಾದವು. 1920ರಲ್ಲಿ ಜುಸೆಪ್ಪೆ ಫಿಯೊರೀನಿ ಎಂಬ ಪಿಟೀಲು ತಯಾರಕ ಅವನ್ನು ಕೊಂಡು, 1930ರಲ್ಲಿ ಕ್ರೆಮೋನಾ ನಗರಕ್ಕೇ ದಾನ ಕೊಟ್ಟ. ಈಗ ಅಲ್ಲಿನ ಪಿಟೀಲು ಸಂಗ್ರಹಾಲಯದಲ್ಲಿವೆ. ಮಗ ಮಾರಿಬಿಟ್ಟನಲ್ಲ ಎಂದು ಹಲುಬುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಟ್ಟೆ ವ್ಯಾಪಾರಿಯ ಅಟ್ಟದಲ್ಲಿ ಉಳಿದಿದ್ದರೆ ಏನಾಗುತ್ತಿತ್ತು ಎಂದು ನಮ್ಮ ಮನೆಯ ಅಟ್ಟ ನೋಡಿದವನಿಗೆ ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವಿಷಯ: ಆ ಮರದ ಅಚ್ಚುಗಳ ಮೇಲೆ ಜಿ, ಪಿ, ಪಿಜಿ ಎಂದು ಅಕ್ಷರದ ಗುರುತುಗಳಿವೆ, ನಕ್ಷೆಗಳ ಮೇಲೆ ಟಿಪ್ಪಣಿಗಳಿವೆ. ಆದ್ದರಿಂದಲೇ ಸುಮಾರು 300 ವರ್ಷಗಳ ಮೇಲೂ ಯಾವ ಪಿಟೀಲು ಯಾವ ಅಚ್ಚಿನದು ಎಂದು ಹೊಂದಿಸಿ ನೋಡಲು ಸಾಧ್ಯವಾಗಿದೆ.

ಈಗ ಕಾನೂನಿನ ಕಡೆಗೆ ಸ್ವಲ್ಪ ಬರುತ್ತೇನೆ. ನಾನು ವಕೀಲನಲ್ಲ, ವಕೀಲರೊಬ್ಬರ ಕಚೇರಿಗೆ ಮೇಜು ಮಾಡಿಕೊಡುವಾಗ ಕೇಳಿ ತಿಳಿದುಕೊಂಡೆ, ಆಮೇಲೆ ಓದಿಯೂ ನೋಡಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಒಂದು ಸೊಗಸಾದ ಮಾತು ಹೇಳುತ್ತದೆ. ಸಾಲದ ಡಿಕ್ರಿಗಾಗಿ, ಅಂದರೆ ಕೋರ್ಟಿನ ತೀರ್ಪಿನಂತೆ ಸಾಲ ವಸೂಲಿಗಾಗಿ, ಆಸ್ತಿ ಜಪ್ತಿ ಮಾಡುವಾಗ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ಉಳಿ ಕಿತ್ತುಕೊಂಡರೆ ಅವನು ಬದುಕುವುದು ಹೇಗೆ ಎಂದು ಕಾನೂನು ಬರೆದವರಿಗೂ ಹೊಳೆದಿತ್ತು. ಆದರೆ ಅವನು ಸತ್ತ ಮರುಗಳಿಗೆಯಲ್ಲಿ ಅದೇ ಉಳಿ ಮಂಚ, ಕುರ್ಚಿ, ಪಾತ್ರೆಗಳ ಜೊತೆ ಸೇರಿ ಬರೀ ಚರಾಸ್ತಿಯಾಗುತ್ತದೆ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವನ ಸ್ವಂತ ಗಳಿಕೆಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಶಿಷ್ಯನಿಗೆ ಅಲ್ಲಿ ಜಾಗವಿಲ್ಲ.

ಉಯಿಲು ಎಂದರೆ ಹೆದರಬೇಡಿ. ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿಯ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ಸಾಕು. ಉಳಿ ಪಡೆಯುವವನನ್ನೇ ಸಾಕ್ಷಿ ಮಾಡಿಕೊಳ್ಳದಿದ್ದರೆ ತಂಟೆ ಕಡಿಮೆ. ಇದಕ್ಕಿಂತ ಸುಲಭದ ದಾರಿ ಬದುಕಿರುವಾಗಲೇ ಕೊಟ್ಟುಬಿಡುವುದು. ಚರವಸ್ತುವಿನ ದಾನಕ್ಕೆ ಪತ್ರವೇ ಬೇಕೆಂದಿಲ್ಲ, ಕೈಯಿಂದ ಕೈಗೆ ದಾಟಿಸಿದರೆ ಆಯಿತು. ಬ್ಯಾಂಕಿನ ಸಾಲದಲ್ಲಿ ತಂದ ಯಂತ್ರಗಳ ಮಾತು ಬೇರೆ. ಸಾಲ ತೀರುವವರೆಗೆ ಅವು ಪೂರ್ತಿ ನಿಮ್ಮವಲ್ಲ.

ನಾನು ಮಾಡಿದ್ದನ್ನು ಹೇಳುತ್ತೇನೆ, ಒಪ್ಪಿದವರು ಮಾಡಿ. ಎರಡು ಗೆರೆಯ ನೋಟುಪುಸ್ತಕ ತಂದು ಪ್ರತಿ ಉಪಕರಣದ ಹಿಡಿಗೆ ಒಂದು ಅಂಕಿ ಕೊರೆದೆ, ಪುಸ್ತಕದಲ್ಲಿ ಅದೇ ಅಂಕಿಯ ಎದುರು ಅದರ ಸಂಗತಿ ಬರೆದೆ. ಇದು ಬೀಟೆಗೆ ಮಾತ್ರ, ಹಲಸಿಗೆ ಹಾಕಬೇಡ. ಇದರ ಹದ ಮೆದು, ಗಂಟಿಗೆ ಹೊಡೆದರೆ ಬಾಯಿ ಮಡಿಚಿಕೊಳ್ಳುತ್ತದೆ. ಇದರ ಓರೆ ತಪ್ಪಲ್ಲ, ನೇರ ಮಾಡಬೇಡ. ಕೊನೆಯ ಈ ಸಾಲನ್ನು ಬರೆಯುವಾಗ ಅಪ್ಪ ನೆನಪಾದರು. ಬರೆದು ತಿಳಿಸಲಾಗದ್ದನ್ನು ಮಗಳು ಮೊಬೈಲಿನಲ್ಲಿ ವಿಡಿಯೊ ಮಾಡಿದಳು. ಸಾಣೆ ಹಿಡಿಯುವ ಕೈಯ ಕೋನವನ್ನು ಯಾವ ಭಾಷೆಯಲ್ಲೂ ಬರೆಯಲು ನನಗೆ ಬರಲಿಲ್ಲ. ಇನ್ನೊಂದು ಪುಟದಲ್ಲಿ ಕಡ ಕೊಟ್ಟದ್ದು, ಕಡ ತಂದದ್ದು. ಪಟ್ಟಿ ಮಾಡಿದಾಗ ನನ್ನ ಪೆಟ್ಟಿಗೆಯಲ್ಲಿ ಐದು ಉಪಕರಣ ಬೇರೆಯವರವು ಎಂದು ತಿಳಿಯಿತು, ಅವುಗಳಲ್ಲಿ ಒಂದರ ಒಡೆಯ ಈಗಿಲ್ಲ. ಅದನ್ನು ಅವರ ಮಗನಿಗೆ ಕೊಡಲು ಹೋದಾಗ ಆತ ತಬ್ಬಿಬ್ಬಾಗಿ, ಎಷ್ಟು ಕೊಡಬೇಕು ಎಂದು ಕೇಳಿದ.

ಬೆಲೆಯನ್ನೂ ಬರೆಯಿರಿ. ಹನ್ನೊಂದನೆಯ ದಿನದ ಊಟಕ್ಕೆ ಬಂದವನೊಬ್ಬ, ಅತ್ತಿಗೆ, ಈ ಹಳೆಯ ಕಬ್ಬಿಣಕ್ಕೆ ಐನೂರು ಕೊಡುತ್ತೇನೆ ಎಂದರೆ ಆಕೆ ಏನು ಮಾಡಬೇಕು? ಮಾರುವುದರಲ್ಲಿ ತಪ್ಪಿಲ್ಲ, ಮನೆ ನಡೆಯಬೇಕಲ್ಲ. ಯಾವುದನ್ನು ಎಷ್ಟಕ್ಕೆ ಮಾರಬಹುದು, ಯಾವುದನ್ನು ಒಟ್ಟಿಗೇ ಮಾರಬೇಕು ಎಂಬುದನ್ನು ಆಕೆಗೆ ಹೇಳಬೇಕಾದವರು ನಾವು. ಪೆಟ್ಟಿಗೆ ತೆಗೆದು ಎಣ್ಣೆ ಸವರಲು ವರ್ಷಾಂತಿಕಕ್ಕೆ ಕಾಯಬೇಡಿ ಎಂದೂ ಬರೆದಿಡಿ. ನಾನು ಅದನ್ನು ಮೊದಲ ಪುಟದಲ್ಲೇ ಬರೆದಿದ್ದೇನೆ.

ಇನ್ನು ಯಾರಿಗೆ ಎಂಬ ಪ್ರಶ್ನೆ, ಕಷ್ಟದ್ದು. ನನ್ನ ಮಗ ಕಂಪ್ಯೂಟರ್ ಕೆಲಸದಲ್ಲಿ ಚೆನ್ನಾಗಿದ್ದಾನೆ, ಅವನಿಗೆ ಉಳಿ ಕೊಟ್ಟರೆ ಗೋಡೆಯ ಮೇಲೆ ತೂಗುಹಾಕುತ್ತಾನೆ. ನನ್ನ ಬಳಿ ಆರು ವರ್ಷದಿಂದ ನಿಂತು ಕೆಲಸ ಕಲಿತವನು ಉತ್ತರ ಪ್ರದೇಶದ ಸಹಾರನಪುರದ ಕಡೆಯ ಹುಡುಗ. ನಮ್ಮ ಭಾಷೆಯವನಲ್ಲ, ಜಾತಿಯವನಲ್ಲ, ದೇವರೂ ಬೇರೆ. ಆದರೆ ಕೊಡತಿಯ ಸದ್ದು ಕೇಳಿಯೇ ಉಳಿ ಮೊಂಡಾಯಿತೆಂದು ಹೇಳುತ್ತಾನೆ. ಪುಸ್ತಕದಲ್ಲಿ ಅವನ ಹೆಸರು ಬರೆದಾಗ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಗೆರೆ ಹಾಕುವ ಮತ್ತು ಅಳೆಯುವ ಸಾಮಾನುಗಳು ಮಗಳಿಗೆ. ಅವಳ ಗೆರೆ ನನ್ನದಕ್ಕಿಂತ ನೇರ, ಚಿಕ್ಕಂದಿನಲ್ಲಿ ಅವಳ ಕೈಗೆ ಉಳಿ ಕೊಡದೆ ಹೋದದ್ದು ನನ್ನ ದಡ್ಡತನ.

ಮ್ಯೂಸಿಯಮ್ಮಿಗೆ ಕೊಡಬಹುದಲ್ಲ ಎಂದು ಕೇಳುತ್ತಾರೆ. ರಾಮನಗರದ ಜಾನಪದ ಲೋಕದಲ್ಲಿ ಹಳ್ಳಿಯ ಕಸುಬಿನ ಸಾಮಾನುಗಳನ್ನು ನೋಡುತ್ತ ನಾನೂ ಗಂಟೆಗಟ್ಟಲೆ ನಿಂತಿದ್ದೇನೆ. ಯಾರೂ ಬಳಸದ ಉಪಕರಣಕ್ಕೆ ಅದು ಒಳ್ಳೆಯ ಮನೆ. ಇನ್ನೂ ಬಾಯಿ ಕೂರುವ ಉಳಿಯನ್ನು ಗಾಜಿನೊಳಗೆ ಇಡಲು ನನಗೆ ಮನಸ್ಸಿಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಹೊಸ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವಿದೆ. ಬೇಕಾದವರು ಪಡೆಯಿರಿ. ಹೊಸ ಹುಡುಗನಿಗೆ ಹೊಸ ಹತ್ತರಿ ಸಿಗುತ್ತದೆ. ಪಕ್ಕದ ಬೀದಿಯ ಅಟ್ಟದಲ್ಲಿ ಅದಕ್ಕಿಂತ ಒಳ್ಳೆಯದು ತುಕ್ಕು ಹಿಡಿಯುತ್ತಿದೆ ಎಂಬುದನ್ನು ಅವನಿಗೆ ಹೇಳಬೇಕಾದದ್ದು ನಮ್ಮಂಥವರ ಸಂಘಗಳು.

ನನ್ನ ನೋಟುಪುಸ್ತಕವನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ನೋಡಿ ಬರೆದುಕೊಳ್ಳಬಹುದು. ಅಪ್ಪನ ನಾಲ್ಕು ಉಳಿಗಳೂ ಅಲ್ಲಿವೆ. ಆ ಮೂಲೆಯನ್ನು ಈಗ ಮತ್ತೆ ಓರೆ ಮಾಡಿದ್ದೇನೆ, ಅವರ ಅಳತೆಗೆ ಇನ್ನೂ ಬಂದಿಲ್ಲ. ಮುಟ್ಟಿ ನೋಡಿ, ಆದರೆ ಜೋಪಾನ, ನಿನ್ನೆಯಷ್ಟೇ ಸಾಣೆ ಹಿಡಿದದ್ದು.