ಸರ್ಕಾರವೇ ಸಾಲಗಾರನಾದರೆ?

ಎಲ್ಲರಿಗೂ ನಮಸ್ಕಾರ. ಕೋರ್ಟಿನ ಅಮೀನರು ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಬಂದು ಕುರ್ಚಿ, ಕಂಪ್ಯೂಟರ್ ಹೊರಗೆ ತರಿಸುವ ವಿಡಿಯೋ ನೀವೂ ನೋಡಿರುತ್ತೀರಿ. ಸರ್ಕಾರಿ ಸಾಮಾನು ಜಪ್ತಿ ಮಾಡೋಕೆ ಬರುತ್ತೇನ್ರಿ ಅಂತ ಕೇಳುವವರು ಬಹಳ. ಬರುತ್ತದೆ. ವಶಪಡಿಸಿಕೊಂಡ ಜಮೀನಿಗೆ ಕೋರ್ಟ್ ಹೇಳಿದ ಪರಿಹಾರ ಕೊಡದಿದ್ದರೆ ಸರ್ಕಾರವೂ ಒಬ್ಬ ಸಾಲಗಾರನೇ.

ಈ ತಕರಾರು ಹೊಸದೇನಲ್ಲ. ದೇಶ ಇಬ್ಭಾಗವಾದಾಗ ಆಚೆ ಕಡೆ ಮನೆ, ವ್ಯಾಪಾರ ಬಿಟ್ಟು ಬಂದವರಿಗಾಗಿ 1951ರಲ್ಲಿ ಸಾಲ ಹೊಂದಾಣಿಕೆ ಕಾಯ್ದೆ ಬಂತು. ಅವರು ತೀರಿಸಬೇಕಾದ ಸಾಲಕ್ಕೂ, ಅವರಿಗೆ ಬರಬೇಕಾದ ಸಾಲಕ್ಕೂ ಅದರಲ್ಲಿ ದಾರಿ ಇತ್ತು. ಬರಬೇಕಾದ್ದನ್ನು ಒಂದು ವರ್ಷದೊಳಗೆ ಟ್ರಿಬ್ಯುನಲ್‌ನಲ್ಲಿ ಕೇಳಬೇಕಿತ್ತು. ಕೊಡಬೇಕಾದವನು ರಾಜ್ಯ ಸರ್ಕಾರವೇ ಆಗಿದ್ದರೆ, ಅದನ್ನೂ ಸಾಲಗಾರ ಅನ್ನಬಹುದೇ? ವಕೀಲರಿಗೆ ಹಬ್ಬ!

ನಮ್ಮ ಭಾಗದವರಿಗೆ ಆ ಜಗಳ ಬೇಕಿಲ್ಲ. ರಾಜ್ಯದ ಮೇಲೆ ದಾವೆ ಹೂಡಬಹುದು ಅಂತ ಸಂವಿಧಾನದ 300ನೇ ವಿಧಿಯೇ ಹೇಳುತ್ತದೆ. ಮುಂಡರಗಿ ತಾಲೂಕಿನಲ್ಲಿ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಊರು ಬಿಟ್ಟವರಿರಲಿ, ಹಾವೇರಿ ಕಡೆ ತುಂಗಾ ಮೇಲ್ದಂಡೆ ಕಾಲುವೆಗೆ ಹೊಲ ಕೊಟ್ಟವರಿರಲಿ, ಕೇಸು ಹಾಕಲು ಅಡ್ಡಿಯಿಲ್ಲ. ಅಡ್ಡಿ ಇರುವುದು ಗೆದ್ದ ಮೇಲೆ.

ಸ್ವಲ್ಪ ಲೆಕ್ಕ ಹಾಕೋಣ. ಅಧಿಕಾರಿ ಒಂದು ರೇಟು ಕಟ್ಟುತ್ತಾನೆ. ಕಡಿಮೆ ಆಯ್ತು ಅಂತ ರೈತ ಕೋರ್ಟಿಗೆ ಹೋಗುತ್ತಾನೆ. ಕೋರ್ಟ್ ಜಾಸ್ತಿ ಮಾಡುತ್ತದೆ. ಆ ಜಾಸ್ತಿ ಮೊತ್ತಕ್ಕೆ 1894ರ ಹಳೇ ಭೂಸ್ವಾಧೀನ ಕಾಯ್ದೆ ಪ್ರಕಾರ ಜಮೀನು ವಶಕ್ಕೆ ಹೋದಾಗಿನಿಂದ ಮೊದಲ ವರ್ಷ ಶೇ 9, ಆಮೇಲೆ ವರ್ಷಕ್ಕೆ ಶೇ 15 ಬಡ್ಡಿ. ಒಂದು ಲಕ್ಷ ರೂಪಾಯಿಯನ್ನು ಹತ್ತು ವರ್ಷ ತಳ್ಳಿದರೆ ಬಡ್ಡಿಯೇ 1 ಲಕ್ಷ 44 ಸಾವಿರ. ಅಸಲಿಗಿಂತ ಬಡ್ಡಿ ದೊಡ್ಡದು. ಈ ದರಕ್ಕೆ ಯಾವ ಬ್ಯಾಂಕು ಠೇವಣಿ ಇಟ್ಟುಕೊಳ್ಳುತ್ತದೆ ಹೇಳಿ?

ಅದನ್ನು ಕಟ್ಟುವವರು ಯಾರು? ಫೈಲ್ ಮೇಲೆ ಕೂತ ಸಾಹೇಬರಲ್ಲ. ಅವರಿಗೆ ಅಷ್ಟರಲ್ಲಿ ವರ್ಗಾವಣೆ ಆಗಿರುತ್ತದೆ. ಕಟ್ಟುವವರು ನಾವು, ಎಣ್ಣೆ ಬೇಳೆ ಕೊಳ್ಳುವವರು. ಬೊಕ್ಕಸ ಖಾಲಿ, ಅದಕ್ಕೇ ತಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಖಾಲಿ ಇದ್ದವರು ಯಾರೂ ಶೇ 15ರ ಬಡ್ಡಿ ಸುಮ್ನೆ ಬೆಳೆಯೋಕೆ ಬಿಡಲ್ಲ. ತಡ ಮಾಡಿದವರಿಗೆ ಬಿಸಿ ತಟ್ಟಲ್ಲ, ಅಷ್ಟೇ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಆದಮೇಲೂ ಕಾರಣವಿಲ್ಲದೆ ಫೈಲ್ ತಡೆದವರ ಸಂಬಳದಿಂದ ಬಡ್ಡಿಯ ಒಂದು ಪಾಲು ಮುರಿದುಕೊಳ್ಳಲಿ. ಒಬ್ಬರಿಗೆ ಹಾಗಾದರೂ ಸಾಕು, ಉಳಿದ ಟೇಬಲ್ಲುಗಳ ಫೈಲು ತಾನಾಗಿ ಓಡುತ್ತವೆ.

ಜಪ್ತಿಯಿಂದ ಏನು ಸಿಗುತ್ತದೆ ಅಂತ ಕೆಲವರು ನಗುತ್ತಾರೆ. ನಿಜ, ಆ ಕುರ್ಚಿ ಹರಾಜಿಗೆ ಹಾಕಿದರೆ ವಕೀಲರ ಫೀಸೂ ಗಿಟ್ಟಲ್ಲ. ಆದರೆ ಸಾಹೇಬರ ಜೀಪಿಗೆ ಕೋರ್ಟಿನ ನೋಟಿಸು ಅಂಟಿದ ದಿನ ಮೇಲಿನಿಂದ ಫೋನು ಬರುತ್ತದೆ ನೋಡಿ. ಅಷ್ಟು ವರ್ಷ ಇಲ್ಲದ ಅನುದಾನ ಆಗ ಎಲ್ಲಿಂದಲೋ ಹುಟ್ಟುತ್ತದೆ!

ಹಿಮಾಚಲದ ಅಜ್ಜಿಯೊಬ್ಬರ ಹೊಲವನ್ನು 1967-68ರಲ್ಲಿ ರಸ್ತೆಗೆ ತಗೊಂಡಿದ್ದರು, ಪರಿಹಾರ ಕೊಡದೆ. ಇಷ್ಟು ವರ್ಷ ನಮ್ಮ ಕೈಲೇ ಇದೆ, ಈಗ ಅದು ನಮ್ಮದೇ ಅಂತ ಸರ್ಕಾರ ವಾದ ಮಾಡಿತು. ಕಬ್ಜಾ ಮಾಡಿಕೊಂಡವರ ಮಾತು ಅಲ್ವಾ ಇದು? 2020ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿ ಪರಿಹಾರ ಕೊಡಿಸಿತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಆಗ ವಯಸ್ಸು 80ರ ಹತ್ತಿರ.

ಧಾರವಾಡದಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಶುರುವಾಯಿತು, ಮೇಲ್ಮನವಿಗೆ ಬೆಂಗಳೂರು ರೈಲು ಹತ್ತುವುದು ತಪ್ಪಿತು. ಇನ್ನು ನಿಮ್ಮ ಕೈಲಿರುವ ಕೆಲಸ. ಸರ್ಕಾರದ ವಿರುದ್ಧ ಡಿಕ್ರಿ ಆದರೆ ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ದುಡ್ಡು ಬರದಿದ್ದರೆ, ಡಿಕ್ರಿ ಜಾರಿ ಮಾಡಿಸಿ ಅಂತ ಕೋರ್ಟಿಗೆ ಜಾರಿ ಅರ್ಜಿ ಹಾಕಿ. ಅದಕ್ಕೆ 12 ವರ್ಷದ ಮುದ್ದತ್ತಿದೆ ಅಂತ ಡಿಕ್ರಿ ಕಾಪಿಯನ್ನು ಟ್ರಂಕಿನಲ್ಲಿಟ್ಟು ಮರೆಯಬೇಡಿ. ಅಪ್ಪ ತೀರಿಕೊಂಡಿದ್ದರೆ ವಾರಸುದಾರರ ಹೆಸರು ಸೇರಿಸೋಕೆ ವಕೀಲರಿಗೆ ಈ ವಾರವೇ ಹೇಳಿ.